12 ನಿಮಿಷದ ಥ್ರಿಲ್ಲರ್, ಮಲೆನಾಡಿನ ಹಂಚಿನ ಮನೆ, ಮಳೆ ರಾತ್ರಿ: ಭಯ ಎಲ್ಲಿ ಸೋರಿ ಹೋಗ್ತಿದೆ?

ದಣಪೆ (ಪ್ರಶ್ನೆ ಕೇಳಿದವರು)

ಕಿರುಚಿತ್ರದ ರಫ್ ಕಟ್ ಮುಗಿದಿದೆ, 12 ನಿಮಿಷ 20 ಸೆಕೆಂಡ್. ನೋಡಿದವರದ್ದೆಲ್ಲ ಒಂದೇ ಮಾತು: "ಚೆನ್ನಾಗಿದೆ, ಆದ್ರೆ ಭಯ ಆಗಲ್ಲ." ಪ್ಯಾಚ್ ವರ್ಕ್‌ಗೆ ಇನ್ನೆರಡು ರಾತ್ರಿ ಸಿಗುತ್ತೆ. ಮನೆ, ಕಲಾವಿದರು ಎಲ್ಲ ಲಭ್ಯ. ಏನನ್ನು ಮತ್ತೆ ಶೂಟ್ ಮಾಡಬೇಕು ಅನ್ನೋದೇ ಗೊತ್ತಾಗ್ತಿಲ್ಲ.

ಕಥೆ: ಸಾಗರದ ಕಡೆಯ ಒಂಟಿ ಮನೆ. ಜುಲೈ ತಿಂಗಳ ರಾತ್ರಿ, ಕರೆಂಟ್ ಹೋಗಿದೆ. ಮನೆಯಲ್ಲಿರೋದು ಸೊಸೆ ಮತ್ತು ಪಾರ್ಶ್ವವಾಯು ಬಡಿದು ಮಾತು ನಿಂತ ಮಾವ. ಜೀಪು ಕೆಸರಲ್ಲಿ ಹೂತಿದೆ, ಮಳೆ ಬಿಡೋವರೆಗೆ ಜಗಲೀಲಿ ಕೂತಿರ್ತೀನಿ ಅಂತ ಒಬ್ಬ ಬರ್ತಾನೆ. ಅಡಿಕೆ ಮಾರಿದ ದುಡ್ಡು ಅಟ್ಟದ ಪೆಟ್ಟಿಗೆಯಲ್ಲಿದೆ. ಅದು ಅವನಿಗೆ ಮೊದಲೇ ಗೊತ್ತಿತ್ತು ಅನ್ನೋದು 9ನೇ ನಿಮಿಷಕ್ಕೆ ಬಯಲಾಗುತ್ತೆ. ಆಮೇಲೆ ಅಟ್ಟದ ಕತ್ತಲಲ್ಲಿ ಅವಳು ಅಡಗೋದು, ಅವನು ಹುಡುಕೋದು.

ಸಲಕರಣೆ: ಫುಲ್ ಫ್ರೇಮ್ ಮಿರರ್‌ಲೆಸ್, 16–35 ಎಫ್/4, 50 ಎಫ್/1.8, ಗಿಂಬಲ್, ಟ್ರೈಪಾಡ್, 60 ವ್ಯಾಟ್‌ನ ಎರಡು ಬ್ಯಾಟರಿ ಎಲ್‌ಇಡಿ. ಟ್ರ್ಯಾಕ್ ಇಲ್ಲ.

ನಮಗೇ ಕಾಣೋ ತಪ್ಪುಗಳು: ಶುರುವಿಂದ ಕೊನೆವರೆಗೆ ಹ್ಯಾಂಡ್‌ಹೆಲ್ಡ್. ಅಟ್ಟ ಎಲ್ಲಿದೆ, ಬಚ್ಚಲು ಎಲ್ಲಿದೆ ಅಂತ ನೋಡೋರಿಗೆ ಅಂದಾಜು ಸಿಗಲ್ಲ. ಮಳೆ ಧೋ ಅಂತ ಸುರಿದಿತ್ತು, ಫ್ರೇಮಲ್ಲಿ ಕಾಣ್ತಾನೇ ಇಲ್ಲ. ರಾತ್ರಿ ಶಾಟ್‌ಗಳಲ್ಲಿ ಗ್ರೇನ್. ಕ್ಲೈಮ್ಯಾಕ್ಸಿಗೆ ಆ ಹಿಂದಿನ ಗೋಡೆ ದೂರ ಓಡಿದಂಗೆ ಕಾಣೋ ಡಾಲಿ ಜೂಮ್ ಹಾಕಬೇಕು ಅಂತಲೂ ಆಸೆ ಇದೆ.

ಕತ್ತರಿಸಾಮಿ

ಮಳೆ, ಗ್ರೇನ್ ಆಮೇಲೆ. ರೋಗ ಇರೋದು 9ನೇ ನಿಮಿಷದಲ್ಲಿ.

ಮೊದಲ ಒಂಬತ್ತು ನಿಮಿಷ ಪ್ರೇಕ್ಷಕನಿಗೆ ಗೊತ್ತಿರೋದು ಸೊಸೆಗೆ ಗೊತ್ತಿರುವಷ್ಟೇ. ಅವಳಿಗೆ ಭಯ ಇಲ್ಲ, ಹಾಗಾಗಿ ಇವನಿಗೂ ಇಲ್ಲ. ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ಕೊಟ್ಟು ಹಿಚ್‌ಕಾಕ್ ವಿವರಿಸಿದ್ದು ಇದನ್ನೇ. ಬಾಂಬ್ ಇದೆ ಅಂತ ಹೇಳದೆ ಸಿಡಿಸಿದರೆ 15 ಸೆಕೆಂಡಿನ ಬೆಚ್ಚು. ಮೊದಲೇ ತೋರಿಸಿ, ಮೇಜಿನ ಮೇಲೆ ಹರಟೆ ಮುಂದುವರಿಸಿದರೆ 15 ನಿಮಿಷದ ಚಡಪಡಿಕೆ. ನಿಮ್ಮ ಸಿನಿಮಾದಲ್ಲಿ ಕಾಫಿ ಕೊಡೋದು, ಟವೆಲ್ ಕೊಡೋದು, ಊರು ಕೇಳೋದು ಎಲ್ಲ ಆ ಹರಟೆ. ಕೆಳಗೆ ಬಾಂಬ್ ಇಟ್ಟಿಲ್ಲ, ಅಷ್ಟೇ.

ಒಂದು ಹಾಳೆ ತಗೊಳ್ಳಿ. ನಾಲ್ಕು ಕಂಬಸಾಲು: ಪ್ರೇಕ್ಷಕ, ಸೊಸೆ, ಮಾವ, ಬಂದವನು. ಪ್ರತಿ 30 ಸೆಕೆಂಡಿಗೊಂದು ಅಡ್ಡಸಾಲು, ಒಟ್ಟು 25. ಆ ಹೊತ್ತಿಗೆ ಯಾರಿಗೆ ಏನು ಗೊತ್ತು ಅಂತ ತುಂಬಿಸಿ. ಹಿಂದಿನ ಸಾಲಿಗೂ ಈ ಸಾಲಿಗೂ ಒಂದು ಕಂಬದಲ್ಲೂ ಬದಲಾವಣೆ ಇಲ್ಲದಿದ್ದರೆ ಆ 30 ಸೆಕೆಂಡ್ ಸತ್ತಿದೆ ಅಂತ ಅರ್ಥ. ನಿಮ್ಮ ಕಟ್‌ನಲ್ಲಿ 3ನೇ ನಿಮಿಷದಿಂದ 8ರವರೆಗೆ ಖಂಡಿತ ಹಾಗೇ ಇರುತ್ತೆ.

ಈಗ ಮಾವ. ಎಲ್ಲ ನೋಡಬಲ್ಲ, ಏನೂ ಹೇಳಲಾರ. ಇಂಥ ಪಾತ್ರ ಕೈಯಲ್ಲಿಟ್ಟುಕೊಂಡು ಅವನನ್ನು ಹಾಸಿಗೆಗೆ ಅಲಂಕಾರ ಮಾಡಿದ್ದೀರ. ಬಂದವನ ಗುರುತು ಮೊದಲು ಹತ್ತಬೇಕಾದ್ದು ಮಾವನಿಗೆ.

ಹೇಗೆ ಅಂದ್ರೆ: ಜುಲೈ ಅಂದ್ರೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋ ಕಾಲ. 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಹೊಡೆದವನ ಅಂಗಿ, ಉಗುರು ಎಲ್ಲ ತಿಳಿನೀಲಿ. ಜೀಪು ಓಡಿಸಿಕೊಂಡು ದೂರದಿಂದ ಬಂದೆ ಅನ್ನೋನ ತೋಳಿನ ಅಂಚಿಗೆ ಆ ನೀಲಿ ಕಲೆ ಯಾಕಿದೆ? ಇವನು ಇದೇ ತೋಟಕ್ಕೆ ಔಷಧಿ ಹೊಡೆಯೋಕೆ ಬಂದವನು, ಮನೆಯ ಒಳಹೊರಗು ಬಲ್ಲವನು. ಮಲೆನಾಡಿನವರಿಗೆ ಒಂದು ಇನ್ಸರ್ಟ್ (ಆ ಕಲೆಯದ್ದೇ ಹತ್ತಿರದ ಶಾಟ್) ಸಾಕು. ಉಳಿದವರಿಗಾಗಿ ಮೊದಲ ನಿಮಿಷದಲ್ಲೇ ಅಂಗಳದ ಮೂಲೆಗೆ ನೀಲಿ ಕರೆಗಟ್ಟಿದ ಡ್ರಮ್, ಜಗಲಿಯ ಹಗ್ಗದ ಮೇಲೆ ಗಂಡನ ನೀಲಿ ಮೆತ್ತಿದ ಅಂಗಿ ಇಡಿ. ನೀಲಿ ಅಂದ್ರೆ ತೋಟದ ಕೆಲಸ ಅನ್ನೋದು ಯಾರೂ ಬಾಯಿಬಿಡದೆ ದಾಟುತ್ತೆ. (ಕಲೆಗೆ ನಿಜವಾದ ಮೈಲುತುತ್ತ ಬಳಸಬೇಡಿ, ಕಣ್ಣಿಗೆ, ಚರ್ಮಕ್ಕೆ ಉರಿ. ನೀಲಿ ಪೋಸ್ಟರ್ ಕಲರ್‌ಗೆ ಬಿಳಿ ಬೆರೆಸಿ.)

ಕ್ರಮ ಹೀಗಿರಲಿ: 2:30ಕ್ಕೆ ಕಲೆ, ಎರಡು ಸೆಕೆಂಡ್, ಒತ್ತು ಕೊಡದೆ. 4:00ಕ್ಕೆ ಮಾವನ ಕಣ್ಣು ಕಲೆಯ ಮೇಲೆ, ಅಲ್ಲಿಂದ ಏಣಿಯ ಮೇಲೆ. ಈಗ ಪ್ರೇಕ್ಷಕನಿಗೂ ಮಾವನಿಗೂ ಗೊತ್ತು, ಸೊಸೆಗೆ ಗೊತ್ತಿಲ್ಲ. ಅವಳಿಗೆ ಗೊತ್ತಾಗೋದು 8ಕ್ಕೆ. ಆ ನಡುವಿನ ನಾಲ್ಕು ನಿಮಿಷವೇ ನಿಮ್ಮ ಸಿನಿಮಾ. ಅವಳು ಎರಡನೇ ಲೋಟ ಕಾಫಿ ಕೊಡ್ತಾಳೆ, ಮಾವನ ಬೆರಳು ಕಂಬಳಿ ಹಿಂಡುತ್ತೆ, ಅವಳು ಚಳಿ ಅಂತ ತಿಳಿದು ಇನ್ನೊಂದು ಹೊದಿಸ್ತಾಳೆ. ಸಹಾಯ ಕೇಳಿದ್ದಕ್ಕೆ ಕಂಬಳಿ ಸಿಕ್ತು. ಬೇರೆ ಡೈಲಾಗ್ ಬೇಡ.

ಇನ್ನೊಂದು. ಬಂದವನು ಬಾಗಿಲಲ್ಲಿ ನಿಂತ ಕ್ಷಣದಿಂದಲೇ ದುರುಗುಟ್ಟಿದರೆ ಮುಂದೆ ಏರೋಕೆ ಮೆಟ್ಟಿಲೇ ಇರಲ್ಲ. ಅವನು ಒಳ್ಳೆಯವನಾಗಿರಲಿ, ಕೆಲಸಕ್ಕೆ ಬರೋನಾಗಿರಲಿ. ಲಾಟೀನಿನ ಬತ್ತಿ ಸರಿಮಾಡಿ ಕೊಡಲಿ. ಕೇಳದೆಯೇ ಬತ್ತಿ ಕತ್ತರಿಸೋ ಕತ್ತರಿಗೆ ಸರಿಯಾದ ಗೂಡಿಗೇ ಕೈ ಹಾಕಲಿ. ಈ ಮನೆಗೆ ಹೊಸಬನಾದವನಿಗೆ ಆ ಗೂಡು ಹೇಗೆ ಗೊತ್ತು? ಅದು ಎರಡನೇ ಸುಳಿವು, ಅವಳು ಗಮನಿಸಲ್ಲ.

35ಎಂಎಂ

ಕತ್ತರಿಸಾಮಿ ಹೇಳಿದ ಹಾಳೆಯೇ ಕ್ಯಾಮೆರಾಗೂ ಆಧಾರ. ಸೊಸೆಗೆ ಗೊತ್ತಾಗೋವರೆಗೆ ಟ್ರೈಪಾಡ್. 8ನೇ ನಿಮಿಷಕ್ಕೆ ಗೊತ್ತಾದ ಶಾಟ್‌ನಲ್ಲೇ ಮೊದಲ ಸಲ ಕ್ಯಾಮೆರಾ ಕೈಗೆ ಬರಲಿ. ಮೊದಲಿಂದ ಅಲುಗಾಡಿಸಿದ್ದಕ್ಕೆ ಅದರ ಅರ್ಥ ಸವೆದು ಹೋಗಿದೆ. ಗಿಂಬಲ್ ಪೆಟ್ಟಿಗೆಗೆ ಹಾಕಿ. ಕಿರಿದಾದ ನಡುಮನೆಯಲ್ಲಿ ಅದು ತೇಲುತ್ತೆ, ದೆವ್ವ ನೋಡ್ತಿರೋ ಹಂಗಿರುತ್ತೆ. ನಿಮ್ಮದು ದೆವ್ವದ ಕಥೆ ಅಲ್ಲ.

ಅದೇ ಕಾರಣಕ್ಕೆ, ಹೊರಗಿಂದ ಕಿಟಕಿ ಮೂಲಕ ಯಾರೋ ಇಣುಕಿದಂಥ ಶಾಟ್ ಇದ್ದರೆ ತೆಗೀರಿ. ಜಾಸ್ (1975) ನೀರಿನ ಮಟ್ಟದಿಂದ ನೋಡಿದಾಗ ನಿಜವಾಗಿ ಅಲ್ಲೊಂದು ಶಾರ್ಕ್ ಇತ್ತು. ಯಾಂತ್ರಿಕ ಶಾರ್ಕ್ ಪದೇ ಪದೇ ಕೆಟ್ಟಿದ್ದರಿಂದ ಅದನ್ನು ತೋರಿಸದೆ ಅದರ ಕಣ್ಣಲ್ಲಿ ತೋರಿಸಿದರು. ನಿಮ್ಮ ಕಿಟಕಿ ಹೊರಗೆ ಯಾರೂ ಇಲ್ಲ. ಸುಳ್ಳು ಪಿಒವಿ (ಪಾತ್ರದ ಕಣ್ಣಿಂದ ನೋಡಿದಂಥ ಶಾಟ್) ಒಂದು ಸಲ ಹಾಕಿದರೆ ಆಮೇಲೆ ನಿಜವಾದದ್ದನ್ನೂ ಯಾರೂ ನಂಬಲ್ಲ.

ಲೆನ್ಸ್. 16 ಎಂಎಂ ಹಾಕಿ ಮುಖಕ್ಕೆ 30 ಸೆಂ.ಮೀ. ಹತ್ತಿರ ಹೋದರೆ ಮೂಗು ದಪ್ಪ, ಕಿವಿ ಹಿಂದೆ, ಭಯದ ಬದಲು ನಗು ಬರುತ್ತೆ. ಮುಖ ಬದಲಿಸೋದು ಲೆನ್ಸ್ ಅಲ್ಲ, ದೂರ. ಸೊಸೆಯ ಕ್ಲೋಸ್‌ಗೆ 35 ಎಂಎಂ, 1.2 ಮೀಟರ್‌ಗಿಂತ ಹತ್ತಿರ ಬೇಡ.

50ನ್ನು ಎಫ್/1.8ಕ್ಕೆ ತೆರೆದು ಎಲ್ಲ ಮಸುಕು ಮಾಡಿದ್ದೀರ ಅಂತ ನನ್ನ ಅನುಮಾನ. ಲೆಕ್ಕ ನೋಡಿ: 2 ಮೀಟರ್ ದೂರದ ಮುಖಕ್ಕೆ ಆ ಸೆಟ್ಟಿಂಗ್‌ನಲ್ಲಿ ಫೋಕಸ್‌ನಲ್ಲಿ ಇರೋದು ಸುಮಾರು 17 ಸೆಂ.ಮೀ. ಅಷ್ಟೇ. ಹಿಂದಿನ ಬಾಗಿಲು ಬಣ್ಣದ ಕಲೆಯಾಗಿ ಹೋಗುತ್ತೆ. ಅದೇ ದೂರಕ್ಕೆ 35 ಎಂಎಂ, ಎಫ್/4 ಇಟ್ಟರೆ 1.67 ಮೀಟರ್‌ನಿಂದ 2.5 ಮೀಟರ್‌ವರೆಗೆ ಹಸನು. 4 ಮೀಟರ್ ಹಿಂದಿನ ಬಾಗಿಲು ಮೆತ್ತಗಿದ್ದರೂ ಬಾಗಿಲು ಅಂತ ಗೊತ್ತಾಗುತ್ತೆ, ಅಲ್ಲಿ ಯಾರಾದರೂ ಬಂದು ನಿಂತರೆ ಕಾಣುತ್ತೆ. ಅವಳನ್ನು ಫ್ರೇಮಿನ ಒಂದು ಬದಿಗೆ ಕೂರಿಸಿ, ಆ ಖಾಲಿ ಬಾಗಿಲನ್ನು ಇನ್ನೊಂದು ಬದಿಗೆ ಬಿಡಿ. ಮೂರು ಸಲ ಹಾಗೆ ತೋರಿಸಿ, ಯಾರೂ ಬರಬಾರದು. ನಾಲ್ಕನೇ ಸಲ ಬರಲಿ.

ಮಾವನ ಶಾಟ್‌ಗಳೆಲ್ಲ ನೆಲದಿಂದ 50 ಸೆಂ.ಮೀ. ಎತ್ತರದಲ್ಲಿ, ಒಂದೂ ತಪ್ಪದೆ. ಅವನ ಪ್ರಪಂಚ ಅಂದ್ರೆ ಪಾದ, ಹೊಸ್ತಿಲು, ಏಣಿಯ ಕೆಳಗಿನ ನಾಲ್ಕು ಮೆಟ್ಟಿಲು. ಬಂದವನ ಪಾದ ಏಣಿಯ ಹತ್ತಿರ ಒಂದು ಕ್ಷಣ ಜಾಸ್ತಿ ಹೊತ್ತು ನಿಂತರೆ ಮಾವನಿಗೆ ಮಾತ್ರ ಗೊತ್ತಾಗುತ್ತೆ.

ಲುಕ್. ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್ (1991) ನೋಡಿ: ನಾಯಕಿ ಜೊತೆ ಮಾತಾಡೋ ಗಂಡಸರು ಬಹುಪಾಲು ನೇರ ಲೆನ್ಸ್ ನೋಡ್ತಾರೆ, ಅವಳು ಮಾತ್ರ ಲೆನ್ಸಿನ ಪಕ್ಕಕ್ಕೆ ನೋಡ್ತಾಳೆ. ಹಾಗಾಗಿ ಅವಳ ಜಾಗದಲ್ಲಿ ನಾವು ಕೂತಿರ್ತೀವಿ, ಆ ನೋಟಗಳ ಭಾರ ನಮ್ಮ ಮೇಲೇ ಬೀಳುತ್ತೆ. ನೀವು 5ನೇ ನಿಮಿಷದವರೆಗೆ ಮಾಮೂಲಿ ಸಜೆಷನ್ ಶಾಟ್‌ಗಳಲ್ಲಿ (ಎದುರಿನವರ ಹೆಗಲ ಮೇಲಿಂದ ತೆಗೆಯೋವು) ಹೋಗಿ. ಆಮೇಲೆ ಪ್ರತಿ ಕ್ಲೋಸ್‌ನಲ್ಲೂ ಬಂದವನ ನೋಟ ಲೆನ್ಸಿನ ಹತ್ತಿರ ಸರಿಯುತ್ತಾ ಬರಲಿ: ಮೊದಲು 20 ಸೆಂ.ಮೀ. ಪಕ್ಕಕ್ಕೆ, ಆಮೇಲೆ 10, ಕೊನೆಗೆ ನೇರ. ಸೊಸೆಯದ್ದು 20ರಲ್ಲೇ ಇರಲಿ. ಲೆನ್ಸ್ ಹುಡ್‌ಗೆ ಬಣ್ಣದ ಟೇಪ್ ಅಂಟಿಸಿ ಕಲಾವಿದನಿಗೆ ಗುರುತು ಕೊಡಿ, ಬಾಯಲ್ಲಿ ಹೇಳಿದರೆ ತಪ್ಪುತ್ತೆ.

ಬೆಳಕು. ನಿಜವಾದ ಲಾಟೀನು ಒಂದು ಮೀಟರ್ ದೂರದ ಮುಖಕ್ಕೂ ಎಫ್/4, ಐಎಸ್‌ಒ 3200ಕ್ಕೆ ಸಾಲಲ್ಲ, ಸುಮಾರು ಮೂರ್ನಾಲ್ಕು ಸ್ಟಾಪ್ ಕಡಿಮೆ (ಒಂದು ಸ್ಟಾಪ್ ಕಡಿಮೆ ಅಂದ್ರೆ ಬೆಳಕು ಅರ್ಧ). ಅದನ್ನು ಎಡಿಟಿಂಗ್‌ನಲ್ಲಿ ಎತ್ತಿದ್ದರಿಂದ ಗ್ರೇನ್ ಬಂದಿದೆ. ಲಾಟೀನು ಫ್ರೇಮಿನಲ್ಲಿ ಉರಿಯುತ್ತಿರಲಿ, ಕೆಲಸ ಮಾಡೋದು ಫ್ರೇಮಿನ ಹೊರಗೆ ಅದೇ ದಿಕ್ಕಿನಲ್ಲಿರೋ ಎಲ್‌ಇಡಿ. ಅದಕ್ಕೆ ಆರೆಂಜ್ ಜೆಲ್ (ಬಣ್ಣದ ಪಾರದರ್ಶಕ ಹಾಳೆ), ಮುಂದೆ ಒಂದು ತೆಳು ಪಂಚೆ. ಬೇಕಾದ್ದಕ್ಕಿಂತ ಒಂದು ಸ್ಟಾಪ್ ಹೆಚ್ಚೇ ಬೆಳಕು ಕೊಟ್ಟು ಶೂಟ್ ಮಾಡಿ, ಗ್ರೇಡಿಂಗ್‌ನಲ್ಲಿ ಇಳಿಸಿ. ಕತ್ತಲು ಕತ್ತಲಾಗಿ ಕಾಣಬೇಕಾದರೆ ಫ್ರೇಮಿನಲ್ಲಿ ಒಂದಾದರೂ ನಿಜವಾಗಿ ಹೊಳೆಯೋ ಬಿಂದು ಇರಬೇಕು. ಅದಿಲ್ಲದಿದ್ದರೆ ಬೂದುಬಣ್ಣದ ಕೆಸರು.

ವೈಟ್ ಬ್ಯಾಲೆನ್ಸ್ ಆಟೋ ಬೇಡವೇ ಬೇಡ, 3800 ಕೆಲ್ವಿನ್‌ಗೆ ಕಟ್ಟಿಹಾಕಿ. ಆಗ ಲಾಟೀನು, ಬಚ್ಚಲ ಒಲೆ ಕಿತ್ತಳೆಯಾಗಿ, ಬಂದವನ ಟಾರ್ಚ್ ತಣ್ಣನೆಯ ನೀಲಿಬಿಳುಪಾಗಿ ಕಾಣುತ್ತೆ. ಇಲ್ಲೊಂದು ಲಾಭ ಇದೆ: ಲಾಟೀನಿನ ಬೆಳಕಲ್ಲಿ ನೀಲಿ ಅಂಶ ತೀರಾ ಕಡಿಮೆ, ಹಾಗಾಗಿ ಆ ಬೋರ್ಡೋ ಕಲೆ ಬರೀ ಮಾಸಲಾಗಿ ಕಾಣುತ್ತೆ. ಟಾರ್ಚ್ ಬೆಳಕು ಬಿದ್ದಾಗ ಮಾತ್ರ ನೀಲಿ ಎದ್ದು ಬರುತ್ತೆ. ಸೊಸೆಗೆ ಅಷ್ಟು ಹೊತ್ತು ಯಾಕೆ ಕಾಣಲಿಲ್ಲ ಅನ್ನೋ ಪ್ರಶ್ನೆಗೂ ಇದೇ ಉತ್ತರ. 2:30ರ ಇನ್ಸರ್ಟ್ ಅವನೇ ಟಾರ್ಚ್ ಆರಿಸೋ ಕ್ಷಣದ್ದಾಗಿರಲಿ.

ಮಳೆ ಕಾಣಬೇಕಾದರೆ ಹಿಂದಿನಿಂದ ಬೆಳಕು, ಅದರ ಹಿಂದೆ ಕಪ್ಪು. ಮುಂದಿನಿಂದ ಬೆಳಕು ಬಿಟ್ಟರೆ ಎಂಥ ಮಳೆಯೂ ಮಾಯ. ತೋಟದ ಮಳೆ ತೋರಿಸೋ ಹಠ ಬಿಡಿ, ಸೂರಿನ ಅಂಚಿಂದ ಇಳಿಯೋ ನೀರಿನ ಪರದೆ ತೋರಿಸಿ. ಹನಿ ದಪ್ಪ, ಜಾಗ ಖಚಿತ. ಕ್ಯಾಮೆರಾ ಜಗಲೀಲಿ, ಎಲ್‌ಇಡಿ ಅಂಗಳದ ಆಚೆ ಕೊಟ್ಟಿಗೆಯ ಸೂರಿನಡಿ, ಕ್ಯಾಮೆರಾದ ಕಡೆಗೆ ಓರೆಯಾಗಿ. 25 ಫ್ರೇಮ್, 1/50 ಶಟರ್. ಶಟರ್ ಹೆಚ್ಚಿಸಿದರೆ ಹನಿ ಗೆರೆಯಾಗದೆ ಚುಕ್ಕಿಯಾಗುತ್ತೆ. ನಮ್ಮಲ್ಲಿ ಕರೆಂಟ್ 50 ಹರ್ಟ್ಸ್ ಆದ್ದರಿಂದ ಮನೆಯ ಬಲ್ಬ್ ಉರಿಯೋ ಶಾಟ್‌ಗಳಲ್ಲೂ 1/50ರಲ್ಲಿ ಮಿಣುಕಾಟ ಬರಲ್ಲ. ಎಲ್‌ಇಡಿಗೆ ಪ್ಲಾಸ್ಟಿಕ್ ಸುತ್ತಬೇಡಿ, ಬಿಸಿ ಹೊರಹೋಗದೆ ಆರುತ್ತೆ; ಮೇಲೊಂದು ಕೊಡೆ ಕಟ್ಟಿ.

ಡಾಲಿ ಜೂಮ್: ವರ್ಟಿಗೋ (1958) ಮೆಟ್ಟಿಲಿನ ಶಾಟ್‌ಗೆ ನಿಜವಾದ ಗೋಪುರ ಬಳಸಲಿಲ್ಲ, ಮೆಟ್ಟಿಲಿನ ಮಾದರಿಯನ್ನು ಅಡ್ಡ ಮಲಗಿಸಿ ತೆಗೆದರು. ನಿಮಗೂ ಅಡ್ಡದಾರಿ ಇದೆ. ಸೂತ್ರ ಸರಳ, ದೂರ ಎಷ್ಟು ಪಟ್ಟೋ ಫೋಕಲ್ ಲೆಂತ್ ಅಷ್ಟೇ ಪಟ್ಟು. 16 ಎಂಎಂಗೆ 80 ಸೆಂ.ಮೀ. ಇದ್ದರೆ 35 ಎಂಎಂಗೆ 175 ಸೆಂ.ಮೀ. ಎರಡರಲ್ಲೂ ಮುಖದ ಮಟ್ಟದಲ್ಲಿ ಫ್ರೇಮಿನ ಅಗಲ 1.8 ಮೀಟರ್. ಆದ್ರೆ ಸ್ಟಿಲ್ ಕ್ಯಾಮೆರಾದ ಜೂಮ್ ರಿಂಗ್ ಕೈಯಲ್ಲಿ ತಿರುಗಿಸಿದರೆ ಜರ್ಕ್ ಹೊಡೆಯುತ್ತೆ, ಫೋಕಸ್ ಕೂಡ ಜಾರುತ್ತೆ. ಬದಲಿಗೆ 16ರಲ್ಲೇ ಇಟ್ಟು, 4ಕೆಯಲ್ಲಿ, 160ರಿಂದ 80 ಸೆಂ.ಮೀ.ಗೆ ಮುಂದೆ ಸರಿಯಿರಿ. ಎಡಿಟಿಂಗ್‌ನಲ್ಲಿ ಹಿಗ್ಗಿಸೋದನ್ನು 200ರಿಂದ 100 ಶೇಕಡಾಕ್ಕೆ ಇಳಿಸುತ್ತಾ ಬನ್ನಿ. ಕೊನೆಯ ಫೈಲ್ 1080 ಆಗಿದ್ದರೆ ನಷ್ಟ ಕಾಣಲ್ಲ. ಮುಂದೆ ಸರಿಯೋಕೆ ನೆಲಕ್ಕೆ ಕಂಬಳಿ ಹಾಸಿ, ಅದರ ಮೇಲೆ ಟ್ರೈಪಾಡ್ ಇಟ್ಟು ಎಳೀರಿ. ಟ್ರ್ಯಾಕ್ ಇಲ್ಲದಾಗ ಇದು ಸಾಕು. ಒಂದೇ ಸಲ ಬಳಸಿ. ನನ್ನನ್ನು ಕೇಳಿದರೆ ಅದೂ ಬೇಡ.

ಎರಡನೇ ಸಾಲು

ಬೆಳಕಿನ ವಿಚಾರ ಒಪ್ಪಿದೆ. ಆದ್ರೆ ಗುಟ್ಟನ್ನು 2:30ಕ್ಕೇ ಬಿಟ್ಟುಕೊಡೋದು ಒಪ್ಪಿಗೆ ಇಲ್ಲ. ಕವಲುದಾರಿ (2019) ಮೆಟ್ರೋ ಕಾಮಗಾರಿಯಲ್ಲಿ ಸಿಕ್ಕ ಮೂಳೆಗಳಿಂದ ಶುರುವಾಗುತ್ತೆ, ಟ್ರಾಫಿಕ್ ಪೊಲೀಸನಿಗೆ ಗೊತ್ತಾಗುವಷ್ಟೇ ನಮಗೂ ಗೊತ್ತಾಗುತ್ತೆ. ಅಲ್ಲಿ ಯಾರೂ ಬೋರ್ ಅನ್ನಲಿಲ್ಲ. ಪ್ರೇಕ್ಷಕನ ತಲೆಗೂ ಸ್ವಲ್ಪ ಕೆಲಸ ಬೇಡವೇ?

ಕತ್ತರಿಸಾಮಿ

ಬೇಕು, ಆದ್ರೆ ಅದು ತನಿಖೆಯ ಕಥೆ. ಅಲ್ಲಿ ಪ್ರಶ್ನೆ "ಯಾರು?" ಅಂತ. ಆ ಪ್ರಶ್ನೆ ನಿಲ್ಲಬೇಕಾದರೆ ನಾಲ್ಕೈದು ಜನರ ಮೇಲಾದರೂ ಅನುಮಾನ ಬರಬೇಕು, ಅದಕ್ಕೆ ಎರಡು ಗಂಟೆ ಬೇಕು. ಇಲ್ಲಿರೋದು ಮೂರು ಜನ, ಒಬ್ಬ ಹಾಸಿಗೆಯಲ್ಲಿ. ಬಾಗಿಲು ತಟ್ಟಿದವನೇ ಕಳ್ಳ ಅಂತ ಯೂಟ್ಯೂಬ್ ಥಂಬ್‌ನೇಲ್ ನೋಡಿದವನಿಗೂ ಗೊತ್ತು. ಗೊತ್ತಿರೋದನ್ನೇ 9 ನಿಮಿಷ ಮುಚ್ಚಿಡೋದು ದಂಡ.

ಪೂರ್ತಿ ಬಿಟ್ಟುಕೊಡಿ ಅಂತಲೂ ಹೇಳ್ತಿಲ್ಲ. ದೃಶ್ಯ (2014, ಮಲಯಾಳಂ ಮೂಲ 2013) ನೆನೆಸಿಕೊಳ್ಳಿ. ಕೊಲೆ ತೋರಿಸುತ್ತೆ, ಯಾರು, ಯಾಕೆ ಎಲ್ಲ ತೋರಿಸುತ್ತೆ. ಮುಚ್ಚಿಡೋದು ಒಂದನ್ನೇ, ಹೆಣ ಕೊನೆಗೆ ಎಲ್ಲಿದೆ ಅನ್ನೋದನ್ನ. ಅದಕ್ಕೇ ಮಧ್ಯದ ವಿಚಾರಣೆಗಳು ಉಸಿರು ಕಟ್ಟಿಸುತ್ತವೆ, ಕೊನೆಯ ಶಾಟ್ ಬೆಚ್ಚಿಸುತ್ತೆ. ಎರಡೂ ಸಿಕ್ತು. ನಾಯಕ ಕೇಬಲ್ ಟಿವಿಯವನು, ದಿನವಿಡೀ ಸಿನಿಮಾ ನೋಡೋನು ಅನ್ನೋದು ಮೊದಲಲ್ಲಿ ತಮಾಷೆಯಾಗಿ ಬರುತ್ತೆ, ಆಮೇಲೆ ಅದೇ ಅವನ ಆಯುಧ. ಹಿಚ್‌ಕಾಕ್‌ನ ರಿಯರ್ ವಿಂಡೋ (1954) ಕೂಡ ಅದೇ ಜಾಣತನ: ಕಾಲು ಮುರಿದ ಫೋಟೋಗ್ರಾಫರ್ ಕೊನೆಗೆ ಫ್ಲ್ಯಾಶ್ ಬಲ್ಬ್‌ನಿಂದಲೇ ಕೊಲೆಗಾರನ ಕಣ್ಣು ಕೋರೈಸ್ತಾನೆ.

ಹಾಗಾದ್ರೆ ದಣಪೆಯವರೇ, ನಿಮ್ಮ ಸೊಸೆಗೆ ಏನು ಗೊತ್ತು? ಅವಳ ದಿನದ ಕೆಲಸದಲ್ಲಿ ಯಾವುದು ಅಟ್ಟದ ಕತ್ತಲಲ್ಲಿ ಉಪಯೋಗಕ್ಕೆ ಬರುತ್ತೆ? ಅದು 3ನೇ ನಿಮಿಷದ ಒಳಗೆ ಕಾಣದಿದ್ದರೆ ಕೊನೆಯಲ್ಲಿ ಅವಳು ಗೆದ್ದದ್ದು ಅದೃಷ್ಟ ಅನಿಸುತ್ತೆ.

ದಣಪೆ

ಈಗಿನ ಕಟ್‌ನಲ್ಲಿ ಅವಳು ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲೀತಿರೋ ಶಾಟ್ ಇದೆ, ಕೊನೆಗೆ ಅದೇ ಕತ್ತಿ ಬರುತ್ತೆ. ಅದು ಸಾಲಲ್ವಾ? ಇನ್ನು ಮನೆಯ ನಕ್ಷೆ ಹೇಳೋಕೆ ಅಂತ ಒಂದೊಂದು ಕೋಣೆಯ ವೈಡ್ ಹಾಕಿದ್ವಿ, ರಿಯಲ್ ಎಸ್ಟೇಟ್ ವಿಡಿಯೋ ಥರ ಆಯ್ತು ಅಂತ ತೆಗೆದ್ವಿ.

ಎರಡನೇ ಸಾಲು

ಜುಲೈಯಲ್ಲಿ ಅಡಿಕೆ ಸುಲಿಯೋದು! ಸುಲಿಯೋ ಹಂಗಾಮು ಇರೋದು ಮಳೆಗಾಲ ಕಳೆದು ಕೊಯ್ಲು ಶುರುವಾದ ಮೇಲೆ. ಶಿರಸಿ, ಸಾಗರದಲ್ಲಿ ಯಾರಾದರೂ ನೋಡಿದರೆ ಮೊದಲ ನಿಮಿಷದಲ್ಲೇ ನಗ್ತಾರೆ, ಆಮೇಲೆ ಯಾವುದನ್ನೂ ನಂಬಲ್ಲ. ಕತ್ತಿ ಬೇಕೇಬೇಕಾದರೆ ತರಕಾರಿ ಹೆಚ್ಚಲಿ. ಅಷ್ಟಕ್ಕೂ ಹೆಂಗಸು, ಕತ್ತಿ, ಕ್ಲೈಮ್ಯಾಕ್ಸ್ ಇದು ತುಂಬಾ ಸವೆದ ದಾರಿ.

ಜಾಗದ ವಿಷಯಕ್ಕೆ ಒಂದು ಪರೀಕ್ಷೆ. ನಿಮ್ಮ ಕಥೆಯನ್ನು ಬೆಂಗಳೂರಿನ ಫ್ಲ್ಯಾಟ್‌ಗೆ ಎತ್ತಿಟ್ಟರೆ ಏನೂ ಬದಲಾಗದೆ ನಡೆಯುತ್ತಾ? ನಡೆಯುತ್ತೆ ಅಂದ್ರೆ ಮನೆ ಬರೀ ಪರದೆ. ಯು ಟರ್ನ್ (2016) ಆ ಫ್ಲೈಓವರ್ ಇಲ್ಲದೆ ನಿಲ್ಲಲ್ಲ: ಡಿವೈಡರ್‌ನ ಕಲ್ಲು ಸರಿಸಿ ಅಡ್ಡ ತಿರುಗೋದೇ ಅಲ್ಲಿ ಅಪರಾಧ. ಕಹಾನಿ (2012) ಕೋಲ್ಕತ್ತದ ದುರ್ಗಾಪೂಜೆ ಬಿಟ್ಟು ಬೇರೆ ವಾರದಲ್ಲಿ ನಡೆಯಲ್ಲ, ನಾಯಕಿ ಕರಗಿಹೋಗೋಕೆ ಆ ಕೆಂಪಂಚಿನ ಸೀರೆಗಳ ಗುಂಪೇ ಬೇಕು. ನಿಮ್ಮ ಹಂಚಿನ ಮನೆ ಏನು ಮಾಡುತ್ತೆ? ಸೋರುತ್ತೆ. ಅದನ್ನು ಬಳಸಿ.

ಕಿವಿಗೊಡಿ

ಅಲ್ಲೇ ಎಲ್ಲ ಸಿಗುತ್ತೆ. ಸೋರೋ ಕಡೆ ಪಾತ್ರೆ ಇಡೋದು ಅವಳ ಕೆಲಸ. ಲಾಟೀನು ಹಿಡಿದು ಜಗಲಿಯಿಂದ ನಡುಮನೆ, ಅಲ್ಲಿಂದ ಏಣಿ ಹತ್ತಿ ಅಟ್ಟ, ಇಳಿದು ಬಚ್ಚಲು. 40 ಸೆಕೆಂಡ್, ಐದು ಶಾಟ್. ಮನೆಯ ನಕ್ಷೆ ಪ್ರೇಕ್ಷಕನ ತಲೆಗೆ ಇಳಿಯುತ್ತೆ, ಯಾರೂ ಮನೆ ತೋರಿಸ್ತಿದ್ದಾರೆ ಅಂದುಕೊಳ್ಳಲ್ಲ. ಒಳಗೆ ಹೋಗೋದು ಯಾವಾಗಲೂ ಫ್ರೇಮಿನ ಎಡದಿಂದ ಬಲಕ್ಕೆ, ಹೊರಗೆ ಬರೋದು ಬಲದಿಂದ ಎಡಕ್ಕೆ ಅಂತ ಕ್ಯಾಮೆರಾದವರು ಕಟ್ಟುನಿಟ್ಟಾಗಿ ನೋಡಿಕೊಳ್ಳಲಿ. ಒಂದು ಶಾಟ್‌ನಲ್ಲಿ ಕ್ಯಾಮೆರಾ ಇಮ್ಯಾಜಿನರಿ ಲೈನ್ ದಾಟಿ ಈ ಎಡ-ಬಲ ತಿರುಗಿದರೂ ಕ್ಲೈಮ್ಯಾಕ್ಸಲ್ಲಿ ಅವನು ಅವಳ ಕಡೆಗೆ ಬರ್ತಿದ್ದಾನೋ ದೂರ ಹೋಗ್ತಿದ್ದಾನೋ ಗೊತ್ತಾಗಲ್ಲ.

ಅಟ್ಟದಲ್ಲಿ ಮೂರು ಪಾತ್ರೆ: ಅಲ್ಯೂಮಿನಿಯಂ ಬೋಗುಣಿ, ಹಿತ್ತಾಳೆ ತಪ್ಪಲೆ, ಪ್ಲಾಸ್ಟಿಕ್ ಬಕೆಟ್. ಮೂರರ ಸದ್ದೂ ಬೇರೆ. ಯಾವ ಸದ್ದು ಅಟ್ಟದ ಯಾವ ಮೂಲೆಯದು ಅಂತ ಅವಳಿಗೆ ಗೊತ್ತು, ಈಗ ನಮಗೂ ಗೊತ್ತು. ಕೊನೆಗೆ ಪೂರ್ತಿ ಕತ್ತಲಲ್ಲಿ ಅವಳು ಪೆಟ್ಟಿಗೆ ಹಿಂದೆ ಕೂತಿದ್ದಾಳೆ. ಬೋಗುಣಿಯ ಹನಿ ನಿಲ್ಲುತ್ತೆ. ಅವನು ಅದರ ಮೇಲೆ ನಿಂತಿದ್ದಾನೆ, ಹನಿ ಅವನ ಹೆಗಲಿಗೆ ಬೀಳ್ತಿದೆ. ಮತ್ತೆ ಶುರುವಾಗುತ್ತೆ, ಸರಿದ. ಈಗ ತಪ್ಪಲೆ ನಿಂತಿತು, ಹತ್ತಿರ ಬಂದ. ಕತ್ತಲಲ್ಲಿ ಅವನು ಕುರುಡ, ಅವಳಲ್ಲ. ಕತ್ತರಿಸಾಮಿ ಕೇಳಿದ "ಅವಳಿಗೆ ಏನು ಗೊತ್ತು"ಗೆ ಉತ್ತರ ಇದು. ಎಂ (1931) ಕೊಲೆಗಾರನನ್ನು ಕುರುಡ ಬಲೂನು ಮಾರುವವನು ಸಿಳ್ಳೆಯ ರಾಗದಿಂದ ಗುರುತು ಹಿಡೀತಾನೆ. ಮಾತಿನ ಸಿನಿಮಾ ಬಂದ ಹೊಸತರಲ್ಲೇ ಈ ಯೋಚನೆ ಬಂದಿತ್ತು.

ಮಾಡೋ ಬಗೆ: ಹನಿ ಸದ್ದನ್ನು ಶೂಟಿಂಗ್‌ನಲ್ಲಿ ಹಿಡಿಯೋ ಪ್ರಯತ್ನ ಬೇಡ, ಹಂಚಿನ ಮೇಲಿನ ಮಳೆ ಎಲ್ಲ ನುಂಗುತ್ತೆ. ಮಳೆ ಇಲ್ಲದ ಹೊತ್ತಲ್ಲಿ ಅದೇ ಅಟ್ಟದಲ್ಲಿ, ಪಾತ್ರೆಯಿಂದ ಒಂದು ಅಡಿ ದೂರ ಮೈಕ್ ಇಟ್ಟು, ಒಂದೊಂದನ್ನೂ ಎರಡೆರಡು ನಿಮಿಷ ರೆಕಾರ್ಡ್ ಮಾಡಿ. ಖಾಲಿ ಪಾತ್ರೆ ಟಣ್ ಅನ್ನುತ್ತೆ, ಒಂದು ಬೆರಳು ನೀರು ನಿಂತ ಮೇಲೆ ಟಪ್ ಅನ್ನುತ್ತೆ. ಎರಡೂ ಬೇಕು. 2ನೇ ನಿಮಿಷದ ಟಣ್, 10ನೇ ನಿಮಿಷಕ್ಕೆ ಟಪ್ ಆಗದಿದ್ದರೆ ಕಿವಿಗೆ ಸುಳ್ಳು ಗೊತ್ತಾಗುತ್ತೆ. ಹನಿಗಳ ಅಂತರ ಒಂದೂವರೆ ಸೆಕೆಂಡ್ ಆಸುಪಾಸು, ಗಡಿಯಾರದಂತೆ ಒಂದೇ ಸಮ ಬೇಡ. ಸಿನಿಮಾ ಪೂರ್ತಿ ಮಾತಿಗಿಂತ 18–20 ಡೆಸಿಬಲ್ ಕೆಳಗೆ ಓಡ್ತಿರಲಿ. ಯಾರೂ ಗಮನಿಸಬಾರದು, ನಿಂತಾಗ ಮಾತ್ರ ಗೊತ್ತಾಗಬೇಕು.

ಮಳೆಗೂ ಏರಿಳಿತ ಕೊಡಿ. 12 ನಿಮಿಷ ಒಂದೇ ಧೋ ಅಂದ್ರೆ ಎರಡನೇ ನಿಮಿಷಕ್ಕೆ ಕಿವಿ ಅದನ್ನು ಬಿಟ್ಟುಬಿಡುತ್ತೆ. ಮಾವನ ಕಣ್ಣು ಏಣಿಗೆ ಹೋಗೋ ಹೊತ್ತಿಗೆ ಮಳೆ ಒಂದು ಕ್ಷಣ ಸಣ್ಣಗಾಗಲಿ, ಜೀರುಂಡೆಯ ಸದ್ದು ಮೇಲೇಳಲಿ. ಆರ್‌ಆರ್‌ಗೆ (ಹಿನ್ನೆಲೆ ಸಂಗೀತಕ್ಕೆ) ಅಂತ ಹಾಕಿರೋ ಆ ಗುಂಯ್ ಅನ್ನೋ ಲೋ ಡ್ರೋನ್ ತೆಗೀರಿ. ಬಹುಪಾಲು ಜನ ನೋಡೋದು ಮೊಬೈಲಲ್ಲಿ, ಅದರ ಸ್ಪೀಕರ್‌ಗೆ 150 ಹರ್ಟ್ಸ್ ಕೆಳಗಿನದ್ದು ಹೆಚ್ಚುಕಡಿಮೆ ಇಲ್ಲದ ಹಾಗೇ. ಲೋಹದ ಹನಿ ಮೊಬೈಲಲ್ಲೂ ಕೇಳುತ್ತೆ.

ಪ್ರತಿ ಶಾಟ್ ಆದ ಕೂಡಲೇ ಅದೇ ಕೋಣೆಯಲ್ಲಿ ಡೈಲಾಗ್ ಮಾತ್ರ ವೈಲ್ಡ್ ಟ್ರ್ಯಾಕ್ (ಕ್ಯಾಮೆರಾ ಓಡಿಸದೆ ಬರೀ ಧ್ವನಿ) ತಗೊಳ್ಳಿ, ಮಳೆ ಕಡಿಮೆಯಾದ ಗಳಿಗೆ ನೋಡಿ. ಡಬ್ಬಿಂಗ್ ಥಿಯೇಟರಿನ ಒಣ ದನಿಗಿಂತ ಅದು ಎಷ್ಟೋ ಮೇಲು. ಕೋಣೆಯ ಖಾಲಿ ಸದ್ದು 60 ಸೆಕೆಂಡ್ ಮರೀಬೇಡಿ.

ದಣಪೆ

ಹನಿ ನಿಲ್ಲೋದು... ಸರ್, ಕ್ಲೈಮ್ಯಾಕ್ಸ್ ಪೂರ್ತಿ ಮತ್ತೆ ತೆಗೀತೀವಿ. ಕತ್ತಿ ಬಿಟ್ಟೆವು, ಡಾಲಿ ಜೂಮೂ ಬಿಟ್ಟೆವು. ಎರಡು ರಾತ್ರಿಗೆ ಎಷ್ಟು ಶಾಟ್ ಹಿಡಿಸುತ್ತೆ? ಹಳೇ ಶಾಟ್‌ಗಳ ಜೊತೆ ಹೊಂದಿಕೆ ಆಗುತ್ತಾ?

35ಎಂಎಂ

ಏಳೆಂಟು ಜನರ ತಂಡಕ್ಕೆ ಸಂಜೆ 7ರಿಂದ ಬೆಳಗಿನ 4ರವರೆಗೆ 18 ಸೆಟಪ್‌ಗಿಂತ (ಕ್ಯಾಮೆರಾ, ಲೈಟ್ ಹೊಸದಾಗಿ ಇಡೋದು) ಹೆಚ್ಚು ಇಟ್ಟುಕೊಳ್ಳಬೇಡಿ. ಮೊದಲ ರಾತ್ರಿ ಅಟ್ಟ ಮಾತ್ರ. ಎರಡನೇ ರಾತ್ರಿ ಪಾತ್ರೆ ಇಡೋ ಐದು ಶಾಟ್, ಮಾವನ 50 ಸೆಂ.ಮೀ. ಶಾಟ್‌ಗಳು, ಬಂದವನ ಲುಕ್ ಸರಿಯೋ ಮೂರು ಕ್ಲೋಸ್. ಕಲೆಯ ಇನ್ಸರ್ಟ್, ಹಗ್ಗದ ಅಂಗಿ ಇವಕ್ಕೆ ಮುಖ ಬೇಕಿಲ್ಲ, ಬೆಳಗಿನ ಜಾವಕ್ಕೆ ಉಳಿಸಿ. ಡ್ರಮ್ ಮತ್ತು ಅಂಗಳದ ವೈಡ್ ಸಂಜೆ ಸೂರ್ಯ ಮುಳುಗಿದ 20 ನಿಮಿಷದ ಒಳಗೆ ತೆಗೆದರೆ ಆಕಾಶದ ನೀಲಿ ಉಚಿತ. ಪೂರ್ತಿ ಕತ್ತಲಾದ ಮೇಲೆ ತೋಟ ಬೆಳಗಿಸೋಕೆ ನಿಮ್ಮ ಎರಡು ಲೈಟ್ ಏನೇನೂ ಸಾಲಲ್ಲ.

ಹೊಂದಿಕೆ ಕೆಡೋದು ಸಣ್ಣದರಲ್ಲಿ: ಲಾಟೀನಿನ ಎಣ್ಣೆಯ ಮಟ್ಟ, ಗಾಜಿನ ಮಸಿ, ಬಂದವನ ಕೂದಲು ಎಷ್ಟು ಒದ್ದೆ. 2ನೇ ನಿಮಿಷಕ್ಕೆ ತೊಟ್ಟಿಕ್ಕಬೇಕು, 6ಕ್ಕೆ ಬರೀ ಹಸಿ, 10ಕ್ಕೆ ಹೆಗಲು ಮಾತ್ರ ಮತ್ತೆ ಒದ್ದೆ. ಹಳೇ ಕಟ್‌ನ ಸ್ಟಿಲ್‌ಗಳನ್ನು ಮೊಬೈಲಲ್ಲಿ ಇಟ್ಟುಕೊಂಡು ಒಬ್ಬರು ಇದೇ ಕೆಲಸಕ್ಕೆ ನಿಲ್ಲಲಿ. ಬಂದವನು ಬೋರ್ಡೋ ಅಂಗಿ ಹಾಕಿರೋ ಶಾಟ್‌ಗಳು ಹಳೆಯದರಲ್ಲಿ ಕಲೆ ಇಲ್ಲದೆ ಇರ್ತವೆ ಅನ್ನೋದು ನೆನಪಿರಲಿ. ಲಾಟೀನಿನ ಬೆಳಕಿನ ಶಾಟ್‌ಗಳು ನಡೆಯುತ್ತವೆ, ತೋಳು ಬಿಳಿ ಬೆಳಕಲ್ಲಿ ಕಾಣೋವು ಮಾತ್ರ ಮತ್ತೆ ತೆಗೀಬೇಕು.

ಒದ್ದೆ ನೆಲದಲ್ಲಿ ಜನರೇಟರಿನಿಂದ ವೈರ್ ಎಳೆಯೋದಾದರೆ 30 ಮಿಲಿ ಆಂಪಿಯರ್‌ನ ಇಎಲ್‌ಸಿಬಿ (ಕರೆಂಟ್ ಸೋರಿದ ಕೂಡಲೇ ಕಡಿಯೋ ಸ್ವಿಚ್) ಇಲ್ಲದೆ ಬೇಡ, ಜಾಯಿಂಟ್ ಯಾವುದೂ ನೆಲ ಮುಟ್ಟಬಾರದು. ಲೆನ್ಸನ್ನು ಎಸಿ ಕಾರಿನಿಂದ ನೇರ ಹೊರಗೆ ತೆಗೆದರೆ ಗಾಜಿಗೆ ಮಂಜು ಹಿಡಿಯುತ್ತೆ. ಚೀಲ ಮುಚ್ಚಿಕೊಂಡೇ ಅರ್ಧ ಗಂಟೆ ಜಗಲೀಲಿ ಇಟ್ಟು ಆಮೇಲೆ ತೆಗೀರಿ.

ಕಿವಿಗೊಡಿ

ಒಂದು ಮರೆತಿದ್ದೆ. ಶೂಟಿಂಗ್ ದಿನ ಪಾತ್ರೆಗಳ ತಳಕ್ಕೆ ಮಡಚಿದ ಬಟ್ಟೆ ಹಾಕಿ, ನಿಜವಾದ ಹನಿಯ ಸದ್ದು ಡೈಲಾಗ್ ಮೇಲೆ ಬೀಳದ ಹಾಗೆ. ಮೇಲಿಂದ ಟಾಪ್ ಆಂಗಲ್ ಇಟ್ಟಾಗ ಮಾತ್ರ ಬಟ್ಟೆ ತೆಗೆದು, ಒಂದು ಬೆರಳು ನೀರು ತುಂಬಿಸಿ ಇಡಿ.